ನಾಳೆ ಕೂರಿಸುತ್ತೇನೆಂದ ಫ್ಯಾನು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಗುಜರಿ ಶೆಡ್ಡಿನಲ್ಲಿ ಹಾಡಹಗಲೇ ನಡೆದದ್ದು. ಹಳೆಯ ಕಂಪ್ಯೂಟರ್ ಬೋರ್ಡುಗಳನ್ನು ನಾನೂ ಅತ್ತಿಗೆಯೂ ಎದುರುಬದುರು ಕೂತು ವಿಂಗಡಿಸುತ್ತಿದ್ದೆವು. ಅವರು ಪ್ರತಿ ಬೋರ್ಡನ್ನೂ ಮೇಜಿನ ಅಂಚಿಗೆ ಎರಡು ಸಲ ಕುಟ್ಟಿ ಧೂಳು ಕೊಡವುತ್ತಿದ್ದರು. ಅಂಚಿನಲ್ಲಿ ಚಿನ್ನದ ಬಣ್ಣವಿದ್ದರೆ ಒಂದು ಚೀಲಕ್ಕೆ, ಇಲ್ಲದಿದ್ದರೆ ಇನ್ನೊಂದಕ್ಕೆ.

“ಧೂಳು ಹೊರಗೆಳೆಯೋ ಫ್ಯಾನ್ ಒಂದು ಕೂರಿಸೋ, ಉಸಿರು ಕಟ್ತಿದೆ” ಎನ್ನುವರು.

“ನಾಳೆ ಕೂರಿಸ್ತೀನಿ ಅತ್ತಿಗೆ” ಎನ್ನುವೆ. ಗುಜರಿಗೆ ಬಂದ ಫ್ಯಾನುಗಳು ನನ್ನ ಕಾಲಡಿಯಲ್ಲೇ ಬಿದ್ದಿರುತ್ತಿದ್ದವು.

ಕೆಮ್ಮಿ ಕೆಮ್ಮಿ ಅವರು ತೀರಿಕೊಂಡರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಗೋಡೆ ಕೊರೆದು ಫ್ಯಾನು ಕೂರಿಸಿದೆ.

ಮರುದಿನ ಕೆಲಸಕ್ಕೆ ಕೂತಾಗ ನಾನು ಕೊಡವಿದ ಧೂಳು ನನ್ನ ಮಡಿಲಿಗೇ ಬಿತ್ತು. ಎದುರಿನ ಖಾಲಿ ಸ್ಟೂಲಿನ ಕಡೆ ಮೇಜಿನ ಅಂಚು ಟಕ್ ಟಕ್ ಎಂದಿತು. ಅಲ್ಲಿಂದೆದ್ದ ಧೂಳು ಎಳೆಯೆಳೆಯಾಗಿ ಫ್ಯಾನಿನತ್ತ ಹರಿಯಿತು.

ಅಣ್ಣ ಒಳಗೆ ಬಂದು ಗೋಡೆಯತ್ತ ಕತ್ತೆತ್ತಿದ. “ಈಗಲಾದ್ರೂ ಹಾಕ್ದೆಯಲ್ಲ. ಹೊರಗಿನ ಗೋಡೆಯೆಲ್ಲ ಧೂಳು ಹಿಡಿದಿದೆ ನೋಡು.”

ನಾನು ಕೆಳಗೆ ನೋಡಿದೆ. ಆ ಫ್ಯಾನಿಗೆ ಜೋಡಿಸಬೇಕಾದ ಕರೆಂಟಿನ ವೈರು ಇನ್ನೂ ಸುರುಳಿಯಾಗಿ ನನ್ನ ಕಾಲ ಬಳಿಯೇ ಬಿದ್ದಿತ್ತು.