ಡಿಕ್ಕಿಯೊಳಗಿನ ದೀಪ

ಫೆಬ್ರುವರಿ ಎಂಟು, ಶನಿವಾರ. ಆ ಪುಟ್ಟ ಕೆಂಪು ಕಾರು ಅಂದಿನವರೆಗೆ ಓಡಿದ್ದು ನಲವತ್ತೆಂಟು ಸಾವಿರದ ಇನ್ನೂರ ಹದಿಮೂರು ಕಿಲೋಮೀಟರು. ಮೀಟರಿನ ಅಂಕಿಯನ್ನು ಅಷ್ಟು ಗಮನವಿಟ್ಟು ಓದಿದ್ದಕ್ಕೆ ಕಾರಣವಿದೆ. ಪಕ್ಕದಲ್ಲಿ ನಿಂತಿದ್ದವರ ಮುಖವನ್ನು ನೇರವಾಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಅವರು ನಮ್ಮ ಕಟ್ಟಡದ ಮೂರನೆಯ ಮಹಡಿಯವರು. ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದವರು, ಎಲ್ಲರಿಗೂ ಲೈಬ್ರರಿಯಮ್ಮ. ಪತಿ ತೀರಿಕೊಂಡು ಮೂರು ವರ್ಷವಾಗಿತ್ತು. ಕಾರನ್ನು ಹೊರತೆಗೆಯುತ್ತಿದ್ದುದು ವಾರಕ್ಕೊಮ್ಮೆ, ಊರಿನ ಇನ್ನೊಂದು ತುದಿಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಲು. ನಾನು ನೆಲಮಹಡಿಯವನು. ಗಣಿತದ ಮೇಷ್ಟ್ರು, ಅರವತ್ತಾರು ವರ್ಷ, ಅವಿವಾಹಿತ.

"ಮೇಷ್ಟ್ರೇ, ಕೀ ತಿರುಗಿಸಿದ್ರೆ ಬರೀ ಟಿಕ್ ಟಿಕ್ ಅಂತಿದೆ. ಮುನಿಸಿಕೊಂಡಿದೆಯೋ ಏನೋ."

"ಬ್ಯಾಟರಿ ಇಳಿದಿದೆ. ಮುನಿಸಿಗೆ ಮದ್ದಿಲ್ಲ, ಇದಕ್ಕಿದೆ."

ನನ್ನ ಕಾರನ್ನು ಅದರ ಎದುರಿಗೆ ತಂದು ನಿಲ್ಲಿಸಿ, ಎರಡು ಕೇಬಲುಗಳಿಂದ ಬ್ಯಾಟರಿಗೆ ಬ್ಯಾಟರಿ ಜೋಡಿಸಿದೆ. ಎಂಜಿನ್ ಎದ್ದಿತು. ಅವರು ಚಪ್ಪಾಳೆ ತಟ್ಟಿದರು. ಮೂವತ್ತೆಂಟು ವರ್ಷ ಪಾಠ ಹೇಳಿದ ನನಗೆ ಯಾವ ತರಗತಿಯೂ ಚಪ್ಪಾಳೆ ತಟ್ಟಿರಲಿಲ್ಲ.

ಮುಂದಿನ ಶನಿವಾರವೂ ಅದೇ ಕಥೆ. ಈ ಸಲ ಕಾರಿನ ಕೈಪಿಡಿಯನ್ನು ಎದೆಗವಚಿಕೊಂಡು ಬಂದರು.

"ಪ್ರತಿ ಸಲ ನಿಮ್ಮ ಬಾಗಿಲು ತಟ್ಟೋದು ಚೆನ್ನಾಗಿರಲ್ಲ. ನನಗೇ ಕಲಿಸಿಬಿಡಿ. ಒಂಬತ್ತು ಅಧ್ಯಾಯ ಇದೆ. ಮೊದಲಿಂದ ಕೊನೇವರೆಗೆ ಸಾಲಾಗಿ. ನಡುವೆ ಹಾರೋದು ನನ್ನ ಜಾಯಮಾನ ಅಲ್ಲ."

"ಅಲ್ಲಲ್ಲಿ ಗುರುತು ಹಾಕಬಹುದೋ?"

ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು. "ಪುಸ್ತಕದ ಮೇಲೆ ಬರೆದೋರನ್ನ ಮತ್ತೆ ಹೊಸ್ತಿಲು ತುಳಿಯೋಕೆ ಬಿಟ್ಟೋಳಲ್ಲ ನಾನು. ನಿಮಗೆ ಮಾತ್ರ ಅನುಮತಿ. ಅದೂ ಪೆನ್ಸಿಲಲ್ಲಿ."

ಚಹಾ ತರಲು ಅವರು ಮೇಲೆ ಹೋದರು. ಕರೆಂಟು ಎಲ್ಲಿ ಸೋರುತ್ತಿದೆಯೆಂದು ತಿಳಿಯಲು ನಾನು ಬ್ಯಾಟರಿಗೆ ಮೀಟರು ಸಿಕ್ಕಿಸಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಹನ್ನೊಂದನೆಯದನ್ನು ಕಿತ್ತಾಗ ಮುಳ್ಳು ಸೊನ್ನೆಗೆ ಬಿತ್ತು; ಕೈಪಿಡಿಯ ಪ್ರಕಾರ ಅದು ಡಿಕ್ಕಿಯ ದೀಪದ್ದು. ಡಿಕ್ಕಿ ತೆರೆದು ಒಳಗಿನ ಪುಟ್ಟ ಬಲ್ಬನ್ನು ಮುಟ್ಟಿದೆ; ಬೆರಳು ಚುರ್ರೆಂದಿತು. ಸ್ವಿಚ್ಚು ಸವೆದಿತ್ತು. ಡಿಕ್ಕಿ ಮುಚ್ಚಿದರೂ ದೀಪ ಆರುತ್ತಿರಲಿಲ್ಲ. ಯಾರಿಗೂ ಕಾಣದೆ ವಾರವಿಡೀ ಉರಿದು ಬ್ಯಾಟರಿಯನ್ನು ಹೀರುತ್ತಿತ್ತು. ಕೈಪಿಡಿಯ ಕೊನೆಯ ಅಧ್ಯಾಯದ ಫ್ಯೂಸು ಪಟ್ಟಿಯಲ್ಲಿ ಪೆನ್ಸಿಲಿನಿಂದ ದಾಖಲಿಸಿದೆ. ಉತ್ತರ ಸಿಕ್ಕ ಮೇಲೆ ಬರೆಯದೆ ಇರುವುದು ನನ್ನ ಕೈಗೆ ತಿಳಿಯದು.

ಬಲ್ಬು ಕಳಚಲು ಅರ್ಧ ನಿಮಿಷ ಸಾಕಾಗಿತ್ತು. ಕಳಚಿದರೆ ಮುಂದಿನ ಶನಿವಾರ ಕಾರು ತಾನಾಗಿಯೇ ಹೊರಡುತ್ತಿತ್ತು. ನನ್ನ ಬಾಗಿಲು ತಟ್ಟಲು ಯಾರಿಗೂ ಕಾರಣವಿರುತ್ತಿರಲಿಲ್ಲ.

ಅವರು ಎರಡು ಲೋಟ ಹಿಡಿದು ಬಂದರು. "ಏನಾದ್ರೂ ಗೊತ್ತಾಯ್ತಾ?"

ಪುಸ್ತಕ ಮುಚ್ಚಿದೆ. "ಇಲ್ಲ. ಬ್ಯಾಟರಿಗೆ ವಯಸ್ಸಾಗಿದೆ. ವಾರ ಸುಮ್ಮನೆ ಬಿಟ್ಟರೆ ಇಳಿದುಬಿಡುತ್ತೆ."

"ಪಾಪ, ನನ್ನ ಹಾಗೇ," ಎಂದು ನಕ್ಕರು. "ಹೊಸದು ಹಾಕಿಸಲಾ?"

"ಅವಸರವೇನು? ಒಂಬತ್ತನೇ ಅಧ್ಯಾಯ ಬರಲಿ."

ಹಾಗೆ ಶನಿವಾರಗಳು ನನ್ನವಾದವು. ಗಾಳಿ, ಎಣ್ಣೆ, ನೀರು, ಬ್ರೇಕು, ಎಲ್ಲವನ್ನೂ ಕಲಿತರು. ಎಣ್ಣೆಯ ಕಡ್ಡಿಯನ್ನು ಒರೆಸಿ, ಅದ್ದಿ, ಬೆಳಕಿಗೆ ಹಿಡಿದು, ಎರಡು ಗೀಟುಗಳ ನಡುವೆ ಎಣ್ಣೆ ನಿಂತಿರುವುದನ್ನು ಕಂಡರೆ ಮಗುವಿನ ಜ್ವರ ಇಳಿದಂತೆ ಉಸಿರುಬಿಡುತ್ತಿದ್ದರು. ಒಮ್ಮೆ ಕೆನ್ನೆಗೆ ಮಸಿ ಮೆತ್ತಿಕೊಂಡಿತು.

"ಎಡಗಡೆ," ಎಂದೆ.

ಬಲಗಡೆ ಒರೆಸಿಕೊಂಡರು. "ಹೋಯ್ತಾ?"

"ಇಲ್ಲ."

"ದೂರ ನಿಂತು ಲೆಕ್ಕ ಹೇಳ್ತೀರಲ್ಲ, ಬಂದು ಒರೆಸಿದ್ರೆ ಮಾರ್ಕ್ಸ್ ಕಡಿಮೆ ಆಗುತ್ತಾ?"

ಕರವಸ್ತ್ರ ಕೊಟ್ಟೆ. ಕೈ ಚಾಚಿದಷ್ಟೇ ದೂರದಿಂದ. ಅವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಕರವಸ್ತ್ರ ಹಿಂತಿರುಗಲಿಲ್ಲ, ನಾನೂ ಕೇಳಲಿಲ್ಲ.

ಹನ್ನೊಂದನೆಯ ಶನಿವಾರಕ್ಕೆ ಎಂಟು ಅಧ್ಯಾಯ ಮುಗಿದವು.

"ಇನ್ನೊಂದೇ. ಅದೂ ಮುಗಿದ್ರೆ ಏನ್ ಮಾಡೋಣ ಮೇಷ್ಟ್ರೇ?"

"ಮತ್ತೆ ಮೊದಲಿಂದ ಓದೋಣ."

"ಅಷ್ಟೇನಾ?" ಎಂದರು. ಬಾನೆಟ್ಟಿನ ಮೇಲಿದ್ದ ಅವರ ಕೈ ನನ್ನ ಕೈಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿತ್ತು. ಮುಂದಿನ ವಾರ ದೀಪವನ್ನು ಆಗಷ್ಟೇ ಕಂಡುಹಿಡಿದವನಂತೆ ಕಳಚಿ, ಅದೇ ಉಸಿರಿನಲ್ಲಿ ನನ್ನ ಮಾತನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕನ ಮನೆಯಿಂದ ಅವರಿಗೆ ಫೋನು ಬಂತು, ಕೂಡಲೇ ಹೊರಟು ಬಾ ಎಂದು. ಕಾರು ಟಿಕ್ ಟಿಕ್ ಎಂದಿತು. ನಾನು ನನ್ನ ಕಾರಿನಲ್ಲಿ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಫೋನಿನ ಸದ್ದು ಅಡಗಿಸಿದ್ದೆ. ಏಳು ಸಲ ಕರೆದಿದ್ದರು. ಟ್ಯಾಕ್ಸಿ ಹುಡುಕಿ ಸೋತು, ಬಸ್ಸು ಹಿಡಿದು ತಲುಪುವ ಹೊತ್ತಿಗೆ ಅರವತ್ತೈದು ನಿಮಿಷ ಕಳೆದಿತ್ತು. ಕಾರಿನಲ್ಲಾದರೆ ಇಪ್ಪತ್ತೈದು. ಅಕ್ಕ ಉಸಿರು ನಿಲ್ಲಿಸಿ ಆಗಲೇ ಹದಿನೈದು ನಿಮಿಷವಾಗಿತ್ತಂತೆ. ಕೊನೆಯವರೆಗೂ ಬಾಗಿಲನ್ನೇ ನೋಡುತ್ತಿದ್ದರಂತೆ.

ಹದಿಮೂರು ದಿನ ಅವರು ಕೆಳಗಿಳಿಯಲಿಲ್ಲ. ಹದಿನಾಲ್ಕನೆಯ ದಿನ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಕೈಪಿಡಿ, ಇನ್ನೊಂದರಲ್ಲಿ ಅವರ ಕಾರಿನಲ್ಲೇ ಬಿಟ್ಟಿದ್ದ ನನ್ನ ಕೇಬಲುಗಳು.

"ಆವತ್ತು ಕಾರು ಯಾಕೆ ಕೈಕೊಡ್ತು ಅಂತ ತಿಳ್ಕೋಬೇಕಿತ್ತು. ಮೊದಲನೇ ಸಲ ಹಾರಿ ಓದಿದೆ." ಕೊನೆಯ ಅಧ್ಯಾಯ ತೆರೆದು ಓದಿದರು, ಧ್ವನಿ ಗ್ರಂಥಾಲಯದಲ್ಲಿ ಮಾತಾಡುವವರಷ್ಟೇ ಮೆಲ್ಲಗಿತ್ತು. "'ಫೆಬ್ರುವರಿ ಹದಿನೈದು. ಹನ್ನೊಂದನೆಯ ಫ್ಯೂಸು. ಕಾರಣ: ಡಿಕ್ಕಿಯ ದೀಪ.' ಇದು ನಿಮ್ಮ ಅಕ್ಷರ ತಾನೇ?"

"ಹೌದು."

"ಆವತ್ತೇ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಅಂತ ಹೇಳ್ತೀರೋ, ನಾನೇ ಹೇಳಲೋ?"

"ನೀವು ಬರುವುದು ನಿಂತುಹೋಗುತ್ತೆ ಅಂತ." ಹನ್ನೊಂದು ಶನಿವಾರ ನುಂಗಿಕೊಂಡಿದ್ದ ಮಾತು ಹೊರಬಂದದ್ದು ಹೀಗೆ, ತಪ್ಪೊಪ್ಪಿಗೆಯಾಗಿ.

ಅವರು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕಾರು ಸರಿಯಿದ್ದಿದ್ರೂ ನಾನು ಶನಿವಾರ ಕೆಳಗೆ ಬರ್ತಿದ್ದೆ ಮೇಷ್ಟ್ರೇ. ಅಷ್ಟು ಓದಿದೋರಿಗೆ ಈ ಒಂದು ಲೆಕ್ಕ ಬರಲಿಲ್ಲವಲ್ಲ."

ಕೇಬಲುಗಳನ್ನು ಹೊಸ್ತಿಲ ಮೇಲಿಟ್ಟರು. ಅದರ ಮೇಲೆ ಮಡಿಸಿದ ನನ್ನ ಕರವಸ್ತ್ರ, ಒಗೆದು ಇಸ್ತ್ರಿ ಮಾಡಿದ್ದು.

"ಸ್ವಿಚ್ಚು ನಾನೇ ಬದಲಾಯಿಸಿದೀನಿ. ಚೆನ್ನಾಗಿ ಕಲಿಸಿದ್ರಿ."

ಈಗಲೂ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಂಪು ಕಾರು ಒಂದೇ ತಿರುವಿಗೆ ಎದ್ದು ನನ್ನ ಕಿಟಕಿಯ ಮುಂದೆ ಹಾದುಹೋಗುತ್ತದೆ. ಎಲ್ಲಿಗೆಂದು ಕೇಳುವ ಹಕ್ಕು ನನಗಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಒಂದು ದೋಷವೂ ಇಲ್ಲ. ಪ್ರತಿ ವಾರ ಕಿವಿಗೊಟ್ಟು ಪರೀಕ್ಷಿಸುತ್ತೇನೆ.

ನನ್ನದೆಲ್ಲವನ್ನೂ ಅವರು ಹಿಂತಿರುಗಿಸಿದ್ದಾರೆ. ಅರವತ್ತೈದರಲ್ಲಿ ಇಪ್ಪತ್ತೈದು ಕಳೆದರೆ ನಲವತ್ತು. ನಲವತ್ತರಲ್ಲಿ ಹದಿನೈದು ಕಳೆದರೆ ಇಪ್ಪತ್ತೈದು. ಅಕ್ಕನ ಕೈ ಹಿಡಿದು ಕೂರಲು ಅವರಿಗೆ ಸಿಗಬೇಕಾಗಿದ್ದ ಇಪ್ಪತ್ತೈದು ನಿಮಿಷ ನನ್ನ ಮೇಲೆ ಬಾಕಿ ಇದೆ.