ಗೋಣಿಯ ಮೇಲಿನ ಹಲಗೆ

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಟೇಕಲ್ಲಿನಲ್ಲಿ ಶ್ರೀರಾಮಪ್ಪನವರು ಗಿಟಾರ್ ಮಾಡುವ ಶೆಡ್ಡಿನ ಬಾಗಿಲು ತೆಗೆದ, ಅಲ್ಲಿ ಕೆಲಸ ಕಲಿಯುತ್ತಿದ್ದ ಸುನಂದ ಕಿರುಚಿಕೊಂಡಳು.

ಹಿಂದಿನ ಮನೆಯಿಂದ ಪದ್ಮಶ್ರೀ ಓಡಿ ಬಂದಳು. ಶ್ರೀರಾಮಪ್ಪನವರ ಮಗಳು, ಮುಳಬಾಗಿಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವಳು.

ಮೇಜಿನ ಮೇಲೆ ಒದ್ದೆ ಗೋಣಿಚೀಲ. ಅದರ ಮೇಲೆ ಗಿಟಾರಿನ ಮುಖದ ಹಲಗೆ. ನಿನ್ನೆ ಸಂಜೆ ಸಮತಟ್ಟಾಗಿದ್ದ ತೆಳು ಬಿಳಿ ಮರ ಸುಟ್ಟ ಹಪ್ಪಳದಂತೆ ಅಂಚೆತ್ತಿಕೊಂಡಿತ್ತು. ಪದ್ಮಶ್ರೀ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟಳು. ನಡುವಿನ ತಗ್ಗು ಆರು ಮಿಲಿಮೀಟರ್. ಒಂದಕ್ಕಿಂತ ಹೆಚ್ಚಿದ್ದರೆ ಅಪ್ಪ ಗಿರಾಕಿಗೆ ತೋರಿಸುವುದೇ ಇಲ್ಲ.

“ನಾಳೆ ಹತ್ತಕ್ಕೆ ಗಿರಾಕಿ ಉಮೇಶ್ ಸಾರ್ ಹಲಗೆ ನೋಡೋಕೆ ಬರ್ತಾರಕ್ಕ,” ಸುನಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು. “ಹಲಗೆ ಒಪ್ಪಿದ್ರೆ ಗಿಟಾರ್ ಮಾಡೋ ಕೆಲಸ ನಂದು. ಇಲ್ದಿದ್ರೆ ಚಂದ್ರಣ್ಣಂಗೆ.”

ಅದು ಸುನಂದ ಒಬ್ಬಳೇ ಮಾಡಲಿದ್ದ ಮೊದಲ ಗಿಟಾರ್. ಶ್ರೀರಾಮಪ್ಪ ಬಂದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಹಲಗೆ ಮುಟ್ಟಿದರು. “ಅಳ್ಬೇಡಮ್ಮ,” ಎಂದರು ಸುನಂದಳಿಗೆ.

ಚಿಕ್ಕಂದಿನಲ್ಲಿ ಪದ್ಮಶ್ರೀ ಉಜ್ಜುಗೊರಡು ಮುಟ್ಟಿದರೆ, “ಕೈ ಕುಯ್ಕೊಂತೀಯ, ಹೋಗಿ ಓದ್ಕೋ” ಎಂದು ಹೊಸಿಲಾಚೆ ಕಳಿಸುತ್ತಿದ್ದ ಅಪ್ಪ ಇವರೇ. ಅದೇ ಉಜ್ಜುಗೊರಡನ್ನು ಈ ಹುಡುಗಿಯ ಕೈಗೆ ತಾವಾಗಿಯೇ ಕೊಟ್ಟಿದ್ದರು.

“ನೀನೇ ಮರೆತು ಒದ್ದೆ ಗೋಣಿ ಮೇಲಿಟ್ಟೆಯೇನೋ,” ಎಂದಳು. ಹಾಗೇ ಆಗಿರಲಿ ಎಂದು ತಾನು ಬಯಸುತ್ತಿರುವುದು ಅವಳಿಗೇ ಗೊತ್ತಾಯಿತು.

* * *

ಹಳೆಯ ಕೆಲಸಗಾರ ಚಂದ್ರಮೋಹನ್ ಬಂದವನೇ ತೆರೆದ ಕಿಟಕಿಯತ್ತ ಕೈ ಮಾಡಿದ. “ಇದು ಪಕ್ಕದ ರತ್ನಮ್ಮನ ರೇಷ್ಮೆ ಹುಳದ ಮನೆ ಗೋಣಿ. ಮರದ ಧೂಳು ಬರುತ್ತೆ ಅಂತ ದಿನಾ ಜಗಳ ಆಡ್ತಾಳಲ್ಲ?” ಎಂದು ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡ.

ವೆಂಕಟರತ್ನಮ್ಮ ಬೇಲಿಯಾಚೆಯಿಂದಲೇ ಕೇಳಿಸಿಕೊಂಡು ಬಂದಳು. “ಏನಯ್ಯಾ ಚಂದ್ರ, ನಾಲಿಗೇಲಿ ಮೂಳೆ ಇಲ್ಲ ಅಂತ ಹೆಂಗ್ ಬೇಕಾದ್ರೂ ತಿರುಗಿಸ್ತೀಯಾ? ನಾನು ಬಾಯಲ್ಲಿ ಬೈತೀನಿ. ಕೈಲಿ ಕೆಟ್ಟದ್ದು ಮಾಡಲ್ಲ. ಹಿಪ್ಪುನೇರಳೆ ಸೊಪ್ಪಿಗೆ ಹೊದಿಸೋ ಗೋಣಿ ಅದು. ಜಗಲೀಲಿ ಬಿದ್ದಿತ್ತು, ಯಾರ್ ಬೇಕಾದ್ರೂ ತಗೋಬೋದು. ಕೊಡಿ ಇಲ್ಲಿ!”

ಗೋಣಿ ಎಳೆದುಕೊಂಡು ಹಿಂಡಿದಳು. ಚಹಾ ಬಣ್ಣದ ನೀರು ಇಳಿಯಿತು.

ಪದ್ಮಶ್ರೀ ಆ ನೀರನ್ನೇ ನೋಡಿದಳು. ಹಲಗೆಯನ್ನು ಮಗುಚಿದಳು. ಅಡಿ ತಣ್ಣಗಿತ್ತು. ಆದರೆ ಬೆಳ್ಳಗಿತ್ತು. ಒಂದು ಕಲೆಯೂ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದಳು. ನಯವಾದ ಬಟ್ಟೆಯ ನೆಯ್ಗೆ ಮಸುಕಾಗಿ ಅಚ್ಚೊತ್ತಿತ್ತು.

“ಚಂದ್ರಣ್ಣ, ಇವತ್ತು ಹೆಗಲ ಮೇಲೆ ಟವೆಲ್ ಇಲ್ವಲ್ಲ?”

“ಮನೇಲಿ ಮರೆತೆ.”

“ಸ್ಕೂಟರ್ ಡಿಕ್ಕಿ ತೆಗಿ.”

ಚಂದ್ರಮೋಹನ್ ಅಲುಗಾಡಲಿಲ್ಲ. ಶ್ರೀರಾಮಪ್ಪನವರೇ ಹೋಗಿ ತೆಗೆದರು. ಬಿಳಿ ಟವೆಲ್ ಮುದ್ದೆಯಾಗಿತ್ತು. ಇನ್ನೂ ಒದ್ದೆ. ನಡುವೆ ಚಹಾ ಬಣ್ಣದ ಕಲೆ.

* * *

“ಅಡಿ ನೀರು ಕುಡಿದು ಹಿಗ್ಗಿತು. ಮೇಲ್ಭಾಗ ಒಣಗಾಳಿಗೆ ಹಾಗೇ ಉಳೀತು. ಅದಕ್ಕೇ ಅಂಚು ಎದ್ದಿದೆ,” ಎಂದಳು ಪದ್ಮಶ್ರೀ. “ರಾತ್ರಿಯೆಲ್ಲ ಗೋಣಿ ತಾಗಿದ್ರೆ ಬಿಳಿ ಮರ ಕಲೆ ಹಿಡೀಬೇಕು. ಹಿಡಿದಿಲ್ಲ. ಯಾರೋ ನಡುವೆ ಶುದ್ಧವಾದ ಬಟ್ಟೆ ಹಾಕಿ, ಬೆಳಗಿನ ಜಾವ ಎಳ್ಕೊಂಡಿದ್ದಾರೆ. ಹಾಳು ಮಾಡೋಕೆ ಬಂದೋರು ಕಲೆಗೆ ಯಾಕೆ ಹೆದರ್ತಾರೆ? ಬಾಗಿದ ಹಲಗೆ ನೇರ ಮಾಡೋಕೆ ನೀರು ತೋರಿಸೋವಾಗ ನಡುವೆ ಬಟ್ಟೆ ಇರ್ಲೇಬೇಕು ಅನ್ನೋದು ಅಪ್ಪ ಕಲಿಸಿದ ಅಭ್ಯಾಸ. ಗೊತ್ತಿರೋದು ನಾಲ್ಕೇ ಜನಕ್ಕೆ. ಹೊಸಿಲಲ್ಲಿ ನಿಂತು ನೋಡಿದ ನಾನೂ ಸೇರಿ.”

“ಮರ ಹಾಳಾಗ್ಲಿ ಅಂತಲ್ಲ ಕಣಮ್ಮ,” ಚಂದ್ರಮೋಹನ್ ನೆಲ ನೋಡುತ್ತಾ ಹೇಳಿದ. “ಮರಕ್ಕೆ ಕಲೆ ಮಾಡೋಕೆ ಕೈ ಬರಲಿಲ್ಲ. ನಾಳೆ ಒಂದಿನ ಉಮೇಶ್ ಸಾರ್ ಒಪ್ಪಿಗೆ ತಪ್ಲಿ ಅಂತ. ಹದಿನೆಂಟು ವರ್ಷ ಇಲ್ಲಿ ಧೂಳು ಕುಡ್ದಿದ್ದೀನಿ. ನಿಮ್ಮಪ್ಪ ನನ್ನ ಹಲಗೆ ತಟ್ಟಿ ಒಂದು ಸಲಾನೂ ಭೇಷ್ ಅನ್ನಲಿಲ್ಲ. ನಿನ್ನೆ ಬಂದ ಹುಡುಗಿಗೆ ಅಂದ್ರು.”

ಆ ಉರಿಯ ರುಚಿ ಪದ್ಮಶ್ರೀಗೆ ಗೊತ್ತಿತ್ತು.

“ಬೀಗದ ಕೈ ಕೊಟ್ಟು ಹೋಗು,” ಎಂದರು ಶ್ರೀರಾಮಪ್ಪ. ಅಷ್ಟೇ.

ಸುನಂದ ಮೂಗೊರೆಸಿಕೊಂಡಳು. “ಅಕ್ಕ, ಆ ತುದಿ ಹಿಡ್ಕೊಳ್ಳಿ.”

ಪದ್ಮಶ್ರೀ ಅಪ್ಪನ ಮುಖ ನೋಡಿದಳು. ಅವರು ಬೇಡ ಎನ್ನಲಿಲ್ಲ.

ತಗ್ಗಾದ ಮೇಲ್ಭಾಗಕ್ಕೆ ಬಟ್ಟೆ ಹಾಸಿ ಹದವಾಗಿ ನೀರು ತೋರಿಸಿದರು. ಎರಡೂ ಮೈ ಸಮನಾಗಿ ಹಿಗ್ಗಿದಾಗ ಹಲಗೆ ಮೆಲ್ಲಗೆ ಮಲಗಿತು. ಮೇಲೂ ಕೆಳಗೂ ಗಾಳಿಯಾಡಲೆಂದು ಸಣ್ಣ ಪಟ್ಟಿಗಳನ್ನಿಟ್ಟು, ಮೇಲೆ ಭಾರ ಹೇರಿದರು.

* * *

ಸೋಮವಾರ ಉಮೇಶ್ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಸುನಂದ ಭಾರ ಇಳಿಸಿ ಸ್ಕೇಲನ್ನು ಪದ್ಮಶ್ರೀಯ ಕೈಗೆ ಕೊಟ್ಟಳು. “ನೀವೇ ನೋಡಿ ಅಕ್ಕ. ನಾನು ಅಳೆದ್ರೆ ಕಮ್ಮೀನೇ ಕಾಣುತ್ತೆ.”

ಪದ್ಮಶ್ರೀ ಬಗ್ಗಿದಳು. ಒಂದು ಕ್ಷಣ ಅವಳ ಮನಸ್ಸು ದೊಡ್ಡ ಸಂಖ್ಯೆಯನ್ನೇ ಬಯಸಿತು. ಆಮೇಲೆ ಸ್ಕೇಲಿನಡಿಯ ಸಂದಿಗೆ ಅಳತೆಯ ತಗಡು ತೂರಿಸಿ, ಅಪ್ಪನಿಗೆ ಕೇಳುವಂತೆ ಓದಿದಳು.

“ಸೊನ್ನೆ ಪಾಯಿಂಟ್ ನಾಲ್ಕು ಮಿಲಿಮೀಟರ್.”