ಜರಡಿಗೆ ಸಿಕ್ಕ ಹಲ್ಲು

ಮಕ್ಕಳಿಗೆ ರಕ್ತ ಅಂದರೆ ಬಲು ಇಷ್ಟ. ನಂಜನಗೂಡಿನ ದೇವಸ್ಥಾನದಲ್ಲಿ ಒಂದು ಕಂಬದಲ್ಲಿ ಕೆತ್ತಿದ ಸಿಂಹಮುಖದ ಯಾಳಿ ಆನೆಯ ನೆತ್ತಿ ಸೀಳುತ್ತಿತ್ತು. ರಜೆ ಶಿಬಿರದ ಹುಡುಗರು ಅದನ್ನು ಬಿಟ್ಟು ಕದಲಲೇ ಇಲ್ಲ. ಅಲ್ಲೇ, ಆ ಕಲ್ಲಿನ ಮೃಗದ ಕೆಳಗೇ, ಅವರನ್ನು ಕರೆತಂದಿದ್ದ ಟೀಚರ್ ರಮ್ಯಶ್ರೀ ಸುಳ್ಳು ಹೇಳಿದ್ದು.

"ಆ ಬೆಟ್ಟಸ್ವಾಮಿ ನಿನಗೆ ಯಾರು?" ಎಂದು ಅಣ್ಣ ಹರಿಪ್ರಸಾದ್ ಕೇಳಿದ. ಪೂಜೆಯ ತಟ್ಟೆ ಹಿಡಿದು, ನಗುತ್ತಲೇ ಕೇಳಿದ. ಚಿಕ್ಕಂದಿನಿಂದ ಅವನ ಕೈಯ ಏಟು ತಿಂದವಳಿಗೆ ಆ ನಗುವಿನ ಅರ್ಥ ಗೊತ್ತಿತ್ತು.

"ಯಾರೂ ಅಲ್ಲ ಅಣ್ಣ. ನಮ್ಮ ಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು, ಅಷ್ಟೇ."

ಕಂಬದ ಆಚೆ ಬದಿಯಲ್ಲಿ ಬೆಟ್ಟಸ್ವಾಮಿ ನಿಂತಿದ್ದ. ಅವಳನ್ನು ಒಂದು ಸಲ ನೋಡಿ, ಕೆಳಗೆ ಬಿದ್ದಿದ್ದ ಯಾವುದೋ ಮಗುವಿನ ಟೋಪಿ ಎತ್ತಿಕೊಂಡು ಹೊರಟುಹೋದ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಬಿಳಿಗೆರೆಯ ಅವನ ಮನೆಯಲ್ಲಿ ಬುದ್ಧನ ಪಟ. ಇವಳ ಮನೆಯಲ್ಲಿ ಅಜ್ಜನ ಕಾಲದ ಪೂಜೆ, ಮಡಿ. ಮದುವೆಯಾಗೋಣ ಅಂತ ಇಬ್ಬರೂ ಮಾತಾಡಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಇವಳಿಗೆ ಬಂದಿರಲಿಲ್ಲ.

ಮರುದಿನ ಶಿಬಿರ ಟಿ. ನರಸೀಪುರದ ಹೊಳೆ ದಂಡೆಗೆ ಬಂತು. ಸಾವಿರಾರು ವರ್ಷದ ಹಿಂದೆ ದನ ಕುರಿ ಸಾಕಿದ್ದವರ ಊರು ಅಲ್ಲೇ ಇತ್ತಂತೆ. ಆ ಜಾಗ ಅಗೆಯುವಂತಿಲ್ಲ. ಅದಕ್ಕೇ, ಮಕ್ಕಳ ಉತ್ಖನನದ ಆಟಕ್ಕೆಂದು, ಬೆಟ್ಟಸ್ವಾಮಿ ಬನ್ನೂರಿನ ಮಟನ್ ಅಂಗಡಿಯಿಂದ ಮೂಳೆ ತಂದು, ಬೇಯಿಸಿ ಒಣಗಿಸಿ, ಮರಳ ರಾಶಿಯಲ್ಲಿ ಹೂತಿದ್ದ. ಮಕ್ಕಳು ಜರಡಿ ಹಿಡಿದು ಹುಡುಕಬೇಕು. ಸಿಕ್ಕಿದ್ದನ್ನು ಕವರಿಗೆ ಹಾಕಿ, ಯಾರ ಮೂಳೆ ಅಂತ ಚೀಟಿ ಅಂಟಿಸಬೇಕು.

ರಮ್ಯಶ್ರೀ ತನ್ನ ಜರಡಿಯಿಂದ ಒಂದು ದವಡೆಯನ್ನು ಎರಡೇ ಬೆರಳಲ್ಲಿ ಎತ್ತಿದಳು.

"ಕಚ್ಚಲ್ಲ ಮಿಸ್, ಸತ್ತೋಗದೆ," ಎಂದ ಅವನು. ಬೆಳಗಿನಿಂದ ಆಡಿದ ಮೊದಲ ಮಾತು.

"ನೀವು ಕಚ್ತೀರೇನೋ ಅಂತ ಭಯ."

ಅವನ ತುಟಿಯ ತುದಿ ಒಂದಿಷ್ಟು ಅಲುಗಿತು. ಆಮೇಲೆ ಅವಳ ಬೆರಳಿಗಂಟಿದ ಮರಳಿನ ಮೇಲೇ ಕಣ್ಣಿಟ್ಟು ಮೆಲ್ಲಗೆ ಹೇಳಿದ: "ಯಾರೂ ಅಲ್ಲದೋನು ಕಚ್ಚಿ ಏನ್ ಮಾಡಾನು?"

ಅವಳು ಉತ್ತರ ಕೊಡುವಷ್ಟರಲ್ಲಿ ಬೈಕು ಬಂದು ನಿಂತಿತು. ಹರಿಪ್ರಸಾದ್ ಇಳಿದವನೇ ಬೆಟ್ಟಸ್ವಾಮಿಯ ಕೊರಳಪಟ್ಟಿಗೆ ಕೈ ಹಾಕಿದ. ಅವಳೂ ಬೆಟ್ಟಸ್ವಾಮಿಯೂ ಹೋಟೆಲಲ್ಲಿ ಕೂತಿದ್ದ ಫೋಟೊ ಯಾರೋ ಅಣ್ಣನ ಮೊಬೈಲಿಗೆ ಕಳಿಸಿದ್ದರು.

ಮೊದಲ ಗುದ್ದು ಕೆನ್ನೆಗೆ, ಎರಡನೆಯದು ಬಾಯಿಗೆ. ಬೆಟ್ಟಸ್ವಾಮಿ ಮರಳ ಮೇಲೆ ಬಿದ್ದ. ಹೊಟ್ಟೆಗೆ ಒದೆ ಬಿತ್ತು. ಮಕ್ಕಳು ಕಿರುಚಿಕೊಂಡು ಒಂದೇ ಕಡೆ ಗುಂಪಾದರು. ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆಯುವ ಕೈ ಬೆಟ್ಟಸ್ವಾಮಿಯದು, ಆದರೂ ಎತ್ತಲಿಲ್ಲ.

"ನಿನ್ನ ಬಾಯಿಂದಲೇ ಹೇಳು," ಅಣ್ಣ ಇವಳತ್ತ ತಿರುಗಿದ. "ಇವನು ನಿನಗೆ ಯಾರು?"

ಬೆಟ್ಟಸ್ವಾಮಿಯೇ ರಕ್ತ ಉಗುಳಿ ಹೇಳಿದ: "ಯಾರೂ ಅಲ್ಲ ಸಾ. ಅವ್ರನ್ನ ಬುಟ್ಬುಡಿ. ಮಕ್ಕಳವ್ರೆ."

ಹೊಡೆಸಿಕೊಂಡವನು ಅವಳ ಸುಳ್ಳನ್ನೇ ಅವಳಿಗೆ ಗುರಾಣಿ ಮಾಡಿ ಹಿಡಿದದ್ದು ಕಂಡು ಅವಳಿಗೆ ತಡೆಯಲಾಗಲಿಲ್ಲ. ಅಣ್ಣ ಮತ್ತೆ ಕಾಲೆತ್ತಿದ. ಕೈಯಲ್ಲಿದ್ದ ಕಬ್ಬಿಣದ ಜರಡಿಯನ್ನು ಅವಳು ಬೀಸಿ ಹೊಡೆದಳು. ಅಂಚು ಅಣ್ಣನ ಹುಬ್ಬಿಗೆ ಬಡಿದು ಚರ್ಮ ಬಿರಿಯಿತು.

"ಸುಳ್ಳು ಹೇಳಿದ್ದೆ ಅಣ್ಣ. ಇವರನ್ನೇ ಮದುವೆ ಆಗೋದು. ಇನ್ನೊಂದು ಸಲ ಮುಟ್ಟು, ಈ ಸಲ ಕಣ್ಣಿಗೆ ಹಾಕ್ತೀನಿ."

ಹರಿಪ್ರಸಾದ್ ಹುಬ್ಬು ಒತ್ತಿ ಹಿಡಿದು ನಿಂತ. ತಂಗಿಯ ಕೈಯ ಜರಡಿ ಇಳಿಯಲಿಲ್ಲ.

"ಹಾಗಾದ್ರೆ ಕೇಳಿಸ್ಕೋ," ಎಂದ. "ಇವತ್ತಿಂದ ನಮ್ಮನೆಗೆ ನೀನು ಯಾರೂ ಅಲ್ಲ."

ಬೈಕಿನ ಸದ್ದು ದೂರವಾಯಿತು. ಅವಳು ಮರಳಲ್ಲಿ ಕುಸಿದು, ಸೆರಗಿನಲ್ಲಿ ಬೆಟ್ಟಸ್ವಾಮಿಯ ಬಾಯಿ ಒರೆಸಿ ಅತ್ತಳು. ಅಮ್ಮನ ನೆನಪಾಗಿ ಅತ್ತಳು.

"ನಿಜ ಯಾಕ್ ಏಳುದ್ರಿ?" ಎಂದ ಅವನು. "ನಾನು ತಡ್ಕತಿದ್ದೆ."

"ನನಗೆ ತಡ್ಕೊಳ್ಳೋಕಾಗಲಿಲ್ಲ ಕಣ್ರೀ."

ಶಿಬಿರದ ಪುಟ್ಟ ಹುಡುಗಿ ಗಾನವಿ ಹತ್ತಿರ ಬಂದು ಅಂಗೈ ಚಾಚಿದಳು. ಅದರಲ್ಲಿ ಮರಳು ಮೆತ್ತಿದ ಒಂದು ಹಲ್ಲು.

"ಫಾಸಿಲ್ ಸಿಕ್ತು ಮಿಸ್. ಕುರೀದಾ?"

ಬೆಟ್ಟಸ್ವಾಮಿ ನಾಲಗೆಯಿಂದ ತನ್ನ ಬಾಯಿ ತಡಕಿದ. ಮುಂದಿನ ಹಲ್ಲಿನ ಜಾಗ ಖಾಲಿ.

"ಕುರೀದಲ್ಲ ಪುಟ್ಟಿ."

"ಮತ್ತೆ ಚೀಟೀಲಿ ಯಾರದು ಅಂತ ಬರೀಲಿ?"

ರಮ್ಯಶ್ರೀ ಹಲ್ಲನ್ನು ಪೂರ್ತಿ ಅಂಗೈಗೆ ತೆಗೆದುಕೊಂಡಳು. ಇನ್ನೂ ರಕ್ತದ ಬಿಸಿ ಇತ್ತು.

"ನಮ್ಮನೆಯವರದು," ಎಂದಳು. "ಹಾಗಂತಲೇ ಬರಿ."